ಸುಳ್ಳಕ್ಕೆ ಬಂದ ರಾಜಕುಮಾರ

ಜನಾಜಾ ಹೊತ್ತವರು ಅಂಗಳ ದಾಟುವಾಗ ಶಿದ್ದಪ್ಪ ಹೆಗಲು ಕೊಡಲು ಮುಂದೆ ಬಂದ. ಸತ್ತ ಅಮೀನಸಾಬನ ತಮ್ಮ ಇಮಾಮಹುಸೇನ ಅವನ ತೋಳು ಹಿಡಿದ.

“ನೀ ದೂರ ನಿಲ್ಲು. ಅಣ್ಣನ ಮಗನ ಮ್ಯಾಲೆ ಚಕ್ಕಡಿ ಹಾಯಿಸಿದಾಂವ ನೀನು.”

ಶಿದ್ದಪ್ಪ ಸುದ್ದಿ ಕೇಳಿದವನೇ ತನ್ನೂರು ಸುಳ್ಳದಿಂದ ಹುಬ್ಬಳ್ಳಿಗೆ ನಡೆದು ಬಂದಿದ್ದ.

ಬಾಗಿಲ ಮರೆಯಿಂದ ಅಮೀನಸಾಬನ ಹೆಂಡತಿ ಶರೀಫಾಬಿ ಅಂದಳು: “ಬಿಡು ಇಮಾಮ. ನಿಮ್ಮಣ್ಣ ಇದ್ದಿದ್ದರ ತಡೀತಿದ್ರೇನು?”

ಇಮಾಮಹುಸೇನ ಕೈಬಿಟ್ಟ.

*

ಮಾತಾಡುವ ಸಿನೇಮಾ ಬರುವ ಮುಂಚಿನ ಮಾತು. ಅಮೀನಸಾಬ ಆಗ ಕಂಪನಿ ನಾಟಕದ ಹೆಸರಾಂತ ನಟ. ಅಪ್ಪನನ್ನು ಕೊಂದವನ ಮೇಲೆ ಹಗೆ ತೀರಿಸಿಕೊಳ್ಳಲು ಹುಚ್ಚನ ಸೋಗು ಹಾಕಿ, ಕೊನೆಗೆ ನಿಜಕ್ಕೂ ಹುಚ್ಚನಾಗುವ ರಾಜಕುಮಾರನ ಪಾತ್ರಕ್ಕೆ ಅವನೇ ಬೇಕು. ಶಿದ್ದಪ್ಪನೂ ಅದನ್ನು ನೋಡಿ ಅತ್ತಿದ್ದ.

ಆ ವರ್ಷ ಹತ್ತಿ ಹೇರಿಕೊಂಡು ಬರುವಾಗ ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಮೋಟಾರಿನ ಸದ್ದಿಗೆ ಶಿದ್ದಪ್ಪನ ಎತ್ತುಗಳು ಬೆದರಿದವು. ಗಾಲಿಗೆ ಸಿಕ್ಕು ಸತ್ತದ್ದು ಅಮೀನಸಾಬನ ಒಬ್ಬನೇ ಮಗ ಕಮರುದ್ದೀನ.

ಅಲ್ಲಿಂದ ಅಮೀನಸಾಬ ಬಣ್ಣ ಹಚ್ಚಲಿಲ್ಲ. ರಾಜಕುಮಾರನ ಮಾತುಗಳನ್ನು ಒದರುತ್ತ ಬೀದಿ ತಿರುಗಿದ. ಇದು ನಾಟಕ ಅಲ್ಲ ಎಂದು ಜನ ದೂರ ಸರಿದರು. ಒಂದು ಮಧ್ಯಾಹ್ನ ಚೂರಿ ಹಿಡಿದು ಸುಳ್ಳಕ್ಕೇ ಬಂದುಬಿಟ್ಟ.

ಕೊಟ್ಟಿಗೆಯಲ್ಲಿದ್ದ ಶಿದ್ದಪ್ಪ ಓಡಲಿಲ್ಲ. ಎದುರು ಕುಕ್ಕರಿಸಿ ತಲೆ ತಗ್ಗಿಸಿದ.

“ಹೊಡೀರಿ ಸಾಹೇಬ್ರ. ನನಗೂ ನಿದ್ದಿ ಹತ್ತವಲ್ದು.”

ಬಹಳ ಹೊತ್ತು ಏನೂ ಆಗಲಿಲ್ಲ. ತಲೆ ಎತ್ತಿದರೆ ಅಮೀನಸಾಬ ಗೋದಲಿಯ ಅಂಚಿಗೆ ಕೂತಿದ್ದ. ಚೂರಿ ಸಗಣಿಯಲ್ಲಿ ಬಿದ್ದಿತ್ತು.

“ನಾಟಕದಾಗ ಕೊಂದ ಮ್ಯಾಲೆ ಪರದೆ ಬೀಳತೈತಿ. ಇಲ್ಲಿ ಮನಿಗೆ ಹೋಗಬೇಕು,” ಅಂದ. “ಶರೀಫಾ ಉಣ್ಣದ ಕುಂತಿರ್ತಾಳ. ಚಕ್ಕಡಿ ಹೂಡು.”

“ಅದ ಚಕ್ಕಡೀರಿ. ಎತ್ತೂ ಅವ.”

“ಇರಲಿ, ಹೂಡು.”

ಮನೆ ಮುಂದೆ ಇಳಿದ ಅಮೀನಸಾಬ ಶಿದ್ದಪ್ಪನನ್ನು ಒಳಗೆ ಕರೆದು ಕೂಡಿಸಿದ. ಶರೀಫಾಬಿ ಅಡುಗೆಮನೆಯಿಂದ ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಬಂದಾಗ ಎರಡು ತಾಟು ತಂದಳು.

*

ಖಬರಸ್ತಾನದಲ್ಲಿ ಮಣ್ಣು ಕೊಡುವ ಹೊತ್ತಾಯಿತು. ದಾರಿಯುದ್ದಕ್ಕೂ ಶಿದ್ದಪ್ಪ ಹೆಗಲು ಬದಲಿಸದೆ ಹೊತ್ತದ್ದನ್ನು ನೋಡಿದ್ದ ಇಮಾಮಹುಸೇನ ಪಕ್ಕಕ್ಕೆ ಸರಿದು ನಿಂತ.

“ಬಾ, ನೀನೂ ಮಣ್ಣು ಕೊಡು. ನನಗ ಮಾತ್ರ ಇನ್ನೂ ಮರಿಯಾಕ ಆಗವಲ್ದು.”

“ಮರೀಬ್ಯಾಡ್ರಿ,” ಅಂದ ಶಿದ್ದಪ್ಪ. “ಅವರು ಜೀವಂತ ಬಿಟ್ಟದ್ದಕ್ಕ ನಾ ನನ್ನ ಮಕ್ಕಳ ಮುಖ ನೋಡೇನಿ. ನಾನೂ ಮರಿಯೂದಿಲ್ಲ.”

ಅಗೆದ ಎರೆಮಣ್ಣು ದಪ್ಪ ಹೆಂಟೆಯಾಗಿ ಬಿದ್ದಿತ್ತು. ಶಿದ್ದಪ್ಪ ಕೂತು ಒಂದೊಂದೇ ಹೆಂಟೆಯನ್ನು ಅಂಗೈಗಳ ನಡುವೆ ತಿಕ್ಕಿ ಪುಡಿ ಮಾಡಿದ. ಕೈ ಗೋರಿಯೊಳಗೆ ಇಳಿಸಿ, ಸದ್ದಾಗದಂತೆ ಮೆಲ್ಲಗೆ ಬಿಟ್ಟ. ಹಿಂದಿನವರು ಮಣ್ಣು ಹಿಡಿದುಕೊಂಡೇ ಕಾದರು.