ಸಮುವೇಲಪ್ಪನ ಹದಿನಾಲ್ಕನೇ ತಾರೀಖು

ಫೆಬ್ರುವರಿ ಬಂತೆಂದರೆ ಸಮುವೇಲಪ್ಪನ ಪಿತ್ತ ನೆತ್ತಿಗೇರುತ್ತಿತ್ತು. ರಾಣೆಬೆನ್ನೂರಿನ ಸ್ಟೇಶನ್ ರಸ್ತೆಯಲ್ಲಿ ಅವನದೊಂದು ಬೀಜದ ಅಂಗಡಿ. ಪಕ್ಕದ್ದು ಅಲ್ಲಾವುದ್ದೀನನ ಬಳೆ ಅಂಗಡಿ. ಈಚೆಗೆ ಅದಕ್ಕೆ ಗಿಫ್ಟ್ ಸೆಂಟರ್ ಎಂಬ ಬೋರ್ಡೂ ಬಿದ್ದಿತ್ತು. ತಿಂಗಳು ಹುಟ್ಟಿದ್ದೇ ತಡ, ಅಲ್ಲಾವುದ್ದೀನ ಬಾಗಿಲ ತುಂಬ ಕೆಂಪು ರಟ್ಟಿನ ಹೃದಯಗಳನ್ನು ತೂಗುಹಾಕುತ್ತಿದ್ದ. ಸೌತೆ ಬೀಜ ಕೇಳಲು ಬಂದ ರೈತರು ಅವನ್ನು ನೋಡುವುದು, ಈಚೆ ತಿರುಗಿ "ನಿಮ್ಮ ಹಬ್ಬ ಬಂತಲ್ರೀ" ಎನ್ನುವುದು. ಪ್ರತಿ ವರ್ಷವೂ ಇದೇ ಗೋಳು.

ಅದು ನಮ್ಮ ಹಬ್ಬವಲ್ಲ ಎಂದು ಹೇಳಿ ಹೇಳಿ ಸಮುವೇಲಪ್ಪನ ಗಂಟಲು ಕಟ್ಟಿಹೋಗಿತ್ತು. ಯೇಸುಸ್ವಾಮಿಯ ಹೆಸರು ಕೇಳುವುದಕ್ಕೂ ಮುಂಚೆ ರೋಮಿನವರು ಫೆಬ್ರುವರಿ ನಡುವೆ ಆಡು ಕಡಿದು, ಅದರ ತೊಗಲನ್ನು ಸೀಳಿ, ಅರೆಬೆತ್ತಲೆ ಓಡುತ್ತ ಹೆಂಗಸರಿಗೆ ಬಾರಿಸುತ್ತಿದ್ದರು. ಹಾಗೆ ಬಾರಿಸಿಕೊಂಡರೆ ಮಕ್ಕಳಾಗುತ್ತವೆ ಎಂಬ ನಂಬಿಕೆ. ಆಮೇಲೆ ಯಾರೋ ಆ ದಿನಗಳಿಗೆ ವ್ಯಾಲೆಂಟೈನನೆಂಬ ಹುತಾತ್ಮನ ಹೆಸರು ಅಂಟಿಸಿದರು, ಅದರ ಮೇಲೆ ಕಾರ್ಡು ಮಾರುವವರು ಗುಲಾಬಿ ಅಂಟಿಸಿದರು, ಇದರಲ್ಲಿ ಬೈಬಲ್ಲಿನ ಒಂದಕ್ಷರ ಎಲ್ಲಿದೆ ತೋರಿಸಿ ಎಂದು ಅವನು ಗಿರಾಕಿಗಳನ್ನೇ ಕೇಳುತ್ತಿದ್ದ. ಗಿರಾಕಿಗಳ ಕಿವಿಗೆ ಬೀಳುತ್ತಿದ್ದದ್ದು ಆಡು ಮಾತ್ರ. ಕಡಿದ ಮೇಲೆ ಊಟ ಹಾಕುತ್ತಿದ್ದರೋ ಇಲ್ಲವೋ ಎಂದು ಕದರಮಂಡಲಗಿಯ ಅಜ್ಜಪ್ಪ ವಿಚಾರಿಸಿದ್ದ. ಗೋವಾ ಟ್ರಿಪ್ಪು ಮುಗಿಸಿ ಬಂದವರದು ಇನ್ನೊಂದು ವರಾತ: ನಿಮ್ಮ ಕಾರ್ನಿವಲ್ ಭಾರಿ ಇರುತ್ತದಂತಲ್ಲ! ನಾಳೆ ಉಪವಾಸ ಹಿಡಿಯಬೇಕೆಂದು ಇವತ್ತು ಕುಡಿದು ಕುಣಿಯುವುದು ಯಾವ ಸೀಮೆಯ ಭಕ್ತಿ ಎಂದು ಅವರ ಮೇಲೂ ಅವನು ಹರಿಹಾಯುತ್ತಿದ್ದ.

ಬಾಯಿಮಾತು ಸಾಲದೆಂದು ಕರಪತ್ರ ಅಚ್ಚು ಹಾಕಿಸಿದ. ‘ಫೆಬ್ರುವರಿ ಹದಿನಾಲ್ಕು ಕ್ರೈಸ್ತರ ಹಬ್ಬವಲ್ಲ’ ಎಂದು ದಪ್ಪಕ್ಷರದಲ್ಲಿ. ವರ್ಷವೂ ಅದನ್ನು ತನ್ನ ಅಂಗಡಿ ಮುಂದೆ, ಹಾವೇರಿಯ ಕಾಲೇಜು ಗೇಟಿನಲ್ಲಿ, ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ನಿಂತು ಹಂಚಿದ. ಶೇಂಗಾ ಕಟ್ಟಲು ಅದು ಚೆನ್ನಾಗಿ ಒದಗಿತು. ಓದಿದವರೆಂದರೆ ಅಲ್ಲಾವುದ್ದೀನನ ಕಾರ್ಡು ಸುಡಲು ಬಂದ ಹುಡುಗರ ಗುಂಪು ಮಾತ್ರ. ಅವರು ಸಮುವೇಲಪ್ಪನ ಕೈ ಕುಲುಕಿ, ನೀವು ನಮ್ಮವರು ಎಂದು ಬೆನ್ನು ತಟ್ಟಿ ಹೋದರು. ಅವತ್ತು ಅವನಿಗೆ ಊಟ ಸೇರಲಿಲ್ಲ.

ಇಂಥವನ ಮಗಳು ಶೀಬಾಳ ಮದುವೆ ಎರಡು ಸಾವಿರದ ಏಳರಲ್ಲಿ ಗೊತ್ತಾಯಿತು. ಹುಡುಗ ಬ್ಯಾಡಗಿಯ ಪ್ರವೀಣಕುಮಾರ, ಜಮ್ಮುವಿನಲ್ಲಿ ಸಿಪಾಯಿ. ಅವನಿಗೆ ರಜೆ ಸಿಕ್ಕಿದ್ದು ಫೆಬ್ರುವರಿಯಲ್ಲಿ. ಮೂರನೆಯ ವಾರದಿಂದ ಈಸ್ಟರ್ ಮುಂಚಿನ ಉಪವಾಸದ ಕಾಲ. ಆಗ ಇಗರ್ಜಿಯಲ್ಲಿ ಮದುವೆ ನಡೆಯುವುದಿಲ್ಲ. ಈಸ್ಟರ್ ಮುಗಿಯುವ ಹೊತ್ತಿಗೆ ಹುಡುಗ ಜಮ್ಮುವಿನಲ್ಲಿರುತ್ತಾನೆ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರೂ ಇಗರ್ಜಿಗಳಿಗೆ ಇದ್ದವರು ಒಬ್ಬರೇ ಪಾದ್ರಿ, ಸಭಾಪಾಲಕರು. ಅವರು ಕ್ಯಾಲೆಂಡರ್ ಮುಂದೆ ನಿಂತು, ಇದಕ್ಕೆ ಸಭೆ, ಅದಕ್ಕೆ ಧಾರವಾಡದ ಮೀಟಿಂಗು ಎಂದು ಒಂದೊಂದೇ ತಾರೀಖು ತಳ್ಳುತ್ತ ಬಂದು, ಉಳಿದ ಒಂದರ ಮೇಲೆ ಬೆರಳಿಟ್ಟರು. ಹದಿನಾಲ್ಕು.

ಸಮುವೇಲಪ್ಪನ ಹೆಂಡತಿ ಸಾರಮ್ಮ ದೇವರಿಗೆ ಸ್ತೋತ್ರ ಎಂದಳು. ಸಮುವೇಲಪ್ಪ ಆಗುವುದಿಲ್ಲ ಎಂದ. ಮೂರೂರಿಗೆ ಕಾಗದ ಹಂಚಿದವನು ಅದೇ ದಿನ ಮಗಳನ್ನು ಧಾರೆ ಎರೆದರೆ ಜನ ಮುಖಕ್ಕೇ ನಗುತ್ತಾರೆ ಎಂದ. ಬೇರೆ ಪಾದ್ರಿಗಳನ್ನು ಹುಡುಕಿ ಹಾವೇರಿಗೆ ಅಲೆದ, ಹುಬ್ಬಳ್ಳಿಗೆ ಫೋನು ಹಚ್ಚಿದ, ಎಲ್ಲರಿಗೂ ಎಲ್ಲಾ ದಿನವೂ ಕೆಲಸವಿತ್ತು. ಕೊನೆಗೆ, ಮುಂದಿನ ರಜೆಗೆ ಮಾಡಿದರಾಯಿತು, ಒಂದು ವರ್ಷದಲ್ಲಿ ಏನು ಮುಳುಗುತ್ತದೆ ಎಂದುಬಿಟ್ಟ. ಸಿಪಾಯಿಗೆ ಮುಂದಿನ ರಜೆ ಯಾವಾಗ, ಎಲ್ಲಿಂದ ಎಂಬುದು ಯಾರಿಗೂ ಗೊತ್ತಿರಲಿಲ್ಲ.

ಶೀಬಾ ಅವತ್ತು ಅನ್ನ ಬಡಿಸುತ್ತಿದ್ದವಳು ಸೌಟು ಕೆಳಗಿಟ್ಟಳು. ಅಪ್ಪನ ಕರಪತ್ರಗಳನ್ನು ವರ್ಷವೂ ಮಡಚಿ ಕೊಡುತ್ತಿದ್ದವಳು ಅವಳೇ.

"ಪಪ್ಪಾ, ಆ ವ್ಯಾಲೆಂಟೈನನ ತಲಿ ಯಾಕ ಹೋತಂತ?"

"ಅದೆಲ್ಲಾ ಈಗ್ಯಾಕ?"

"ಸಿಪಾಯಿಗೋಳು ಲಗ್ನ ಆಗಬಾರದು ಅಂತ ಅರಸ ಹುಕುಂ ಮಾಡಿದ್ನಂತ. ಈತ ಕದ್ದು ಲಗ್ನ ಮಾಡಸ್ತಿದ್ನಂತ. ನೀವ ಓದಿ ಹೇಳಿದ್ರಿ."

"ಅದು ಬರೇ ಕತಿ. ಪುರಾವೆ ಇಲ್ಲಂತನ ನಾ ಅದನ್ನ ಅಚ್ಚ ಹಾಕಿಸಲಿಲ್ಲ."

"ಕತೀನ ಇರ್ಲಿ. ಆ ಕತಿಯೊಳಗ ನೀವು ಯಾರ ಕಡೆ ನಿಂತೀರಿ, ಅಷ್ಟ ಹೇಳ್ರಿ."

ಸಮುವೇಲಪ್ಪ ತಟ್ಟೆ ಸರಿಸಿ ಎದ್ದ. ಮರುದಿನ ಬೆಳಿಗ್ಗೆ ಚಪ್ಪಲಿ ಮೆಟ್ಟುತ್ತ, ಏನಾದರೂ ಮಾಡಿಕೊಳ್ಳಿ ಎಂದು ಹೆಂಡತಿಗೆ ಹೇಳಿದ. ಇಗರ್ಜಿಯೊಳಗೆ ಒಂದೇ ಒಂದು ಕೆಂಪು ಗುಲಾಬಿ ಕಂಡರೆ ತಾನು ಮನೆಗೆ ಹೊರಟುಬಿಡುವೆನೆಂದೂ ಸೇರಿಸಿದ. ಸಾರಮ್ಮ ಮಲ್ಲಿಗೆಗೂ ಬಿಳಿ ಸೇವಂತಿಗೆಗೂ ಹೇಳಿ ಕಳಿಸಿದಳು.

ಮದುವೆಗೆ ಜನವೋ ಜನ. ಕರೆದವರು ಬಂದರು, ಕರೆಯದವರೂ ಸಮುವೇಲಪ್ಪನ ಮುಖ ನೋಡಲೆಂದೇ ಬಂದರು. ಈ ವರ್ಷ ಕಾಗದ ಹಂಚಲಿಲ್ಲವಲ್ಲ ಎಂದು ಹಾವೇರಿಯ ಕಾಲೇಜಿನ ಮೇಷ್ಟ್ರೊಬ್ಬರು ಬಾಗಿಲಲ್ಲೇ ಕೇಳಿದರು. ಬ್ಯಾಡಗಿಯ ಬೀಗರ ಕಡೆಯವನೊಬ್ಬ ಕೈ ಕುಲುಕಿ, ಇಂಗ್ಲಿಷಿನಲ್ಲಿ ಹಬ್ಬದ ಶುಭಾಶಯ ಹೇಳಿದ. ಸಮುವೇಲಪ್ಪ ಹಲ್ಲು ಕಚ್ಚಿ ಎಲ್ಲರಿಗೂ ನಮಸ್ಕಾರ ಹಾಕಿದ. ವರ್ಷಕ್ಕೊಮ್ಮೆ ಬರುವ ಭರ್ಜರಿ ವ್ಯಾಪಾರ ಬಿಟ್ಟು, ಅಂಗಡಿಗೆ ಬೀಗ ಜಡಿದು ಅಲ್ಲಾವುದ್ದೀನ ಹೆಂಡತಿ ಮಕ್ಕಳೊಂದಿಗೆ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದ. ಅವನನ್ನು ಕಂಡು ಸಮುವೇಲಪ್ಪನಿಗೆ ನಾಚಿಕೆಯಾಯಿತು, ನಾಚಿಕೆಯಾಯಿತೆಂದು ಮತ್ತೆ ಸಿಟ್ಟು ಬಂತು.

ಕೀರ್ತನೆ ಮುಗಿಯಿತು. ಸಭಾಪಾಲಕರು ಪುಸ್ತಕ ಬಿಡಿಸಿ, ಪ್ರತಿ ಮದುವೆಯಲ್ಲೂ ಓದುವ, ಯಾರೂ ಕಿವಿಗೊಡದ ಆ ಮಾತನ್ನು ಓದಿದರು: "ಇವರು ಕೂಡಬಾರದೆಂಬುದಕ್ಕೆ ನ್ಯಾಯವಾದ ಅಡ್ಡಿ ಯಾರಿಗಾದರೂ ತಿಳಿದಿದ್ದರೆ ಈಗಲೇ ಹೇಳಲಿ, ಇಲ್ಲವಾದರೆ ಮುಂದೆಂದಿಗೂ ಸುಮ್ಮನಿರಲಿ."

ಇಡೀ ಇಗರ್ಜಿ ಸಮುವೇಲಪ್ಪನ ಕಡೆ ತಿರುಗಿತು. ಯಾರೋ ಕರ್ಚೀಫಿನಲ್ಲಿ ನಗು ಮುಚ್ಚಿಕೊಂಡರು. ಮೇಷ್ಟ್ರು ಕತ್ತು ಉದ್ದ ಮಾಡಿದರು. ಸಭಾಪಾಲಕರೂ ಕನ್ನಡಕದ ಮೇಲಿನಿಂದ ಒಮ್ಮೆ ಇತ್ತ ನೋಡಿದರು. ಸಮುವೇಲಪ್ಪನ ಕಿವಿ ಕಾದವು. ನಗಲಿ, ಎಷ್ಟು ಬೇಕೋ ಅಷ್ಟು ನಗಲಿ ಎಂದುಕೊಂಡು ಅವನು ತಲೆ ಎತ್ತಿ ಕೂತ. ಇವತ್ತಿನ ಈ ನಗೆಗೆ ಅವನು ಹೇಗೋ ಮನಸ್ಸು ಗಟ್ಟಿ ಮಾಡಿಕೊಂಡೇ ಬಂದಿದ್ದ.

ತಿರುಗದೆ ಇದ್ದವಳು ಶೀಬಾ ಒಬ್ಬಳೇ. ಮುಂದಿನ ಬೆಂಚಿನಿಂದ ಅವಳ ಬೆನ್ನು, ಬಿಳಿ ಮುಸುಕು, ಪ್ರವೀಣಕುಮಾರನ ಕೋಟಿನ ತೋಳನ್ನು ಹಿಡಿದ ಕೈ ಕಾಣುತ್ತಿದ್ದವು. ಬಟ್ಟೆ ಹರಿಯುತ್ತದೇನೋ ಎಂಬಂತೆ ಹಿಡಿದಿದ್ದಳು. ಹೊಡೆತಕ್ಕೆ ಕಾದ ಮಗುವಿನ ಹಾಗೆ ಭುಜ ಮೇಲೆತ್ತಿಕೊಂಡು, ಉಸಿರು ಬಿಡದೆ ನಿಂತಿದ್ದಳು. ಊರಿಗೆ ಇದು ತಮಾಷೆ. ಅವಳಿಗೆ ಅಲ್ಲ. ಅಪ್ಪ ಎದ್ದು ನಿಂತರೂ ನಿಂತಾನು ಎಂದು ಅವಳು ನಿಜವಾಗಿಯೂ ನಂಬಿದ್ದಳು.

ಸಭಾಪಾಲಕರು ಪುಟ ತಿರುವಿದರು. ಆಮೇಲಷ್ಟೇ ಅವಳ ಭುಜ ಕೆಳಗಿಳಿಯಿತು.