ಗೋಡೆಯಾಚೆಯ ಕೆರೆತ

ಪಾಣೆಮಂಗಳೂರಿನ ಜುಲೈಕಾ ಬೆಳಗ್ಗಿನ ನಮಾಜಿಗೆ ಏಳುವಾಗ ಆ ಸದ್ದು ಕೇಳುತ್ತಿತ್ತು. ಗೋಡೆಯಾಚೆ, ಮಗಳ ಕೋಣೆಯಲ್ಲಿ. ಕರ, ಕರ, ಕರ. ಇಲಿ ಇರಬೇಕೆಂದು ಬೋನು ಇಟ್ಟಳು. ಒಂದೂ ಬೀಳಲಿಲ್ಲ.

ಆಮೇಲೆ ಹಾಸಿಗೆ. ಮಳೆಯಿಲ್ಲ, ಮಾಡು ಸೋರುವುದಿಲ್ಲ. ಆದರೂ ಮಗಳು ಸಜ್ನಾ ಎದ್ದುಹೋದ ಮೇಲೆ ನೋಡಿದರೆ ತಲೆ, ಭುಜ, ಕಾಲು ಎಲ್ಲ ಮೂಡಿದ ಹಾಗೆ ಹಾಸಿಗೆ ಚಂಡಿ, ಹಿಂಡುವಷ್ಟು ಒದ್ದೆ. ಪಿಯುಸಿ ಓದುವ ಹದಿನೇಳರ ಹುಡುಗಿ ದಿನದಿನಕ್ಕೆ ಕರಗುತ್ತಿದ್ದಳು.

"ಸಂಜೆ ಹೊಳೆಬದಿಗೆ ಹೋಗಿದ್ದಳಾ? ಏನೋ ಹಿಡಿದಿದೆ," ಎಂದರು ನೆರೆಯವರು. ಮಂತ್ರಿಸಿದ ನೂಲು ಕಟ್ಟಿದ್ದಾಯಿತು. ಸದ್ದು ನಿಲ್ಲಲಿಲ್ಲ.

ಒಂದು ಮುಂಜಾನೆ ಜುಲೈಕಾ ಬಾಗಿಲು ದೂಡಿದಳು. ಮಬ್ಬು ಬೆಳಕಿನಲ್ಲಿ ಸಜ್ನಾ ಕನ್ನಡಿಯ ಮುಂದೆ ನಿಂತಿದ್ದಳು. ಒಂದು ಕೈ ತೋಳನ್ನು ರಕ್ತ ಬರುವಷ್ಟು ಕೆರೆಯುತ್ತಿತ್ತು. ಇನ್ನೊಂದು ಕೈ ಕುತ್ತಿಗೆಯನ್ನು ಒತ್ತಿ ಹಿಡಿದಿತ್ತು, ಅಲ್ಲಿ ಯಾರೋ ಇದ್ದ ಹಾಗೆ.

"ಏನು ಮೋಳೇ?" ಎಂದಳು ತಾಯಿ.

"ಏನಿಲ್ಲ ಉಮ್ಮಾ." ಸಜ್ನಾ ಶಾಲನ್ನು ಕುತ್ತಿಗೆಯ ಮೇಲೆ ಎಳೆದುಕೊಂಡಳು.

ಅಂದೇ ಆಶಾ ಕಾರ್ಯಕರ್ತೆ ವಿನೋದಾ ಮನೆಗೆ ಬಂದರು. ಎಲ್ಲ ಕೇಳಿ, "ನಾನು ಅವಳ ಹತ್ತಿರ ಒಬ್ಬಳೇ ಮಾತಾಡ್ತೇನೆ," ಎಂದು ಬಾಗಿಲು ಹಾಕಿಕೊಂಡರು. ಹೊರಗೆ ಜುಲೈಕಾ ಬಾಗಿಲಿಗೆ ಕಿವಿಗೊಟ್ಟು ನಿಂತಳು. ಒಳಗೆ ಮೆಲುದನಿಯ ಮಾತು. ಮತ್ತೆ ಅಳು.

ವಿನೋದಾ ಹೊರಗೆ ಬಂದರು. "ಜುಲೈಕಕ್ಕಾ, ಕುತ್ತಿಗೆಯಲ್ಲಿ ಗಂಟು ಉಂಟು. ನೋವಿಲ್ಲದ್ದು. ಮೂರು ತಿಂಗಳಾಯ್ತಂತೆ. ನೀವು ಹೆದರುತ್ತೀರಿ ಅಂತ ಹೇಳಲಿಲ್ಲ. ಕ್ಯಾನ್ಸರ್ ಹೌದಾ ಅಲ್ಲವಾ ನೋಡಿಸುವ."

"ಈ ಪ್ರಾಯದಲ್ಲಿ ಕ್ಯಾನ್ಸರಾ? ಅದು ಮುದುಕರಿಗಲ್ಲವಾ?"

"ಅಪರೂಪ. ಆದರೆ ಬರ್ತದೆ ಅಕ್ಕ. ಯಾರೂ ನೆನೆಸುವುದಿಲ್ಲ, ಅದಕ್ಕೇ ತಡವಾಗುವುದು."

ಮಂಗಳೂರಿನ ಆಸ್ಪತ್ರೆಯಲ್ಲಿ ಗಂಟಿನ ತುಂಡು ತೆಗೆದು ಪರೀಕ್ಷಿಸಿದರು. ಕ್ಯಾನ್ಸರೇ ಆಗಿತ್ತು. ಕೆರೆತ, ಹಾಸಿಗೆ ಒದ್ದೆ ಮಾಡಿದ ರಾತ್ರಿಯ ಬೆವರು ಎಲ್ಲ ಅದರದ್ದೇ. ಡಾಕ್ಟರು ಜುಲೈಕಾಳ ಕಡೆಯಿಂದ ಕುರ್ಚಿ ತಿರುಗಿಸಿ ಸಜ್ನಾಳನ್ನು ನೋಡಿದರು. "ಕಾಯಿಲೆ ನಿನ್ನದು. ನಿನಗೇನು ಕೇಳಲಿಕ್ಕುಂಟು?"

"ನಾನು ಸಾಯ್ತೇನಾ?"

ಮನೆಯಲ್ಲಿ ಯಾರೂ ಬಾಯಿಬಿಡದ ಆ ಮಾತು ಕೇಳಿ ಜುಲೈಕಾ ಮಗಳ ಕೈ ಹಿಡಿದುಕೊಂಡಳು.

"ಮದ್ದು ಕಷ್ಟದ್ದು, ಸುಳ್ಳು ಹೇಳುವುದಿಲ್ಲ. ಆದರೆ ಈ ತರದ್ದರಲ್ಲಿ ಹೆಚ್ಚಿನವರು ಗುಣವಾಗ್ತಾರೆ."

"ನನ್ನ ಪಿಯುಸಿ ಪರೀಕ್ಷೆ?" ಮತ್ತೆ ತಲೆ ತಗ್ಗಿಸಿ, "ಮುಂದೆ ಮಕ್ಕಳಾಗ್ತದಾ?"

"ಒಳ್ಳೆಯದಾಯ್ತು, ಮದ್ದು ಶುರುವಾಗುವ ಮೊದಲೇ ಕೇಳಿದೆ. ಮದ್ದಿನಿಂದ ಮಕ್ಕಳಾಗುವುದಕ್ಕೆ ತೊಂದರೆ ಆಗಬಹುದು, ಅದನ್ನು ಮೊದಲೇ ತಡೆಯುವ ದಾರಿ ಉಂಟು. ಪರೀಕ್ಷೆಯ ಬಗ್ಗೆ ಕಾಲೇಜಿಗೆ ನಾನು ಪತ್ರ ಕೊಡ್ತೇನೆ."

ಸಜ್ನಾಳ ಕೂದಲು ಉದುರಿತು. ವಾಂತಿ, ಸುಸ್ತು, ಸಿಟ್ಟು ಎಲ್ಲ ಬಂತು. ವಿನೋದಾ ವಾರವಾರ ಬಂದು ಅವಳ ಜೊತೆ ಕೂತರು. ಆರು ತಿಂಗಳ ಮೇಲೆ ಸ್ಕ್ಯಾನಿನಲ್ಲಿ ಗಂಟು ಕಾಣಲಿಲ್ಲ. ತಪ್ಪಿದ ಪರೀಕ್ಷೆಗೆ ಸಜ್ನಾ ಈಗ ಓದುತ್ತಿದ್ದಾಳೆ. ತಪಾಸಣೆಯ ತಾರೀಕು ಅವಳೇ ನೆನಪಿಡುತ್ತಾಳೆ.

ಓದುವ ಅಕ್ಕಂದಿರೇ, ಅಣ್ಣಂದಿರೇ, ಎಲ್ಲ ಗಂಟೂ ಕ್ಯಾನ್ಸರ್ ಅಲ್ಲ. ಆದರೆ ಎರಡು ವಾರವಾದರೂ ಇಳಿಯದ ಗಂಟು, ಕಾರಣವಿಲ್ಲದೆ ಇಳಿಯುವ ತೂಕ, ಬಿಡದ ಜ್ವರ, ರಾತ್ರಿ ಹಾಸಿಗೆ ತೋಯಿಸುವ ಬೆವರು ಕಂಡರೆ ಕಾಯಬೇಡಿ, ಡಾಕ್ಟರಿಗೆ ತೋರಿಸಿ. ಅಲ್ಲಿ ನೀವೇ ಎಲ್ಲ ಉತ್ತರ ಕೊಡಬೇಡಿ. ನಿಮ್ಮ ಮಗ, ನಿಮ್ಮ ಮಗಳು ಮಾತಾಡಲಿ. ಇವತ್ತೇ ಹತ್ತಿರ ಕೂತು ಕೇಳಿ: "ನಿನಗೆ ಏನಾಗ್ತಾ ಉಂಟು?"