ಮೂರು ವಾರ ಗ್ಯಾರಂಟಿ

ಶ್ರೀಹರಿಗೆ ತಿಳಿಯದ ವಿಷಯವಿಲ್ಲ. ಕಡೇಪಕ್ಷ ಹಾಗೆಂದು ಅವನು ನಂಬಿದ್ದ. ಯಾವ ಕಾರು ಕೊಳ್ಳಬೇಕು, ಹುಲ್ಲಿಗೆ ಯಾವಾಗ ನೀರು ಬಿಡಬೇಕು, ತಾನಿದ್ದ ಪ್ಲಿಮತ್‌ನಿಂದ ಡಿಯರ್‌ಬಾರ್ನ್‌ನ ಆಫೀಸಿಗೆ ಹೆದ್ದಾರಿಯ ಯಾವ ಎಕ್ಸಿಟ್ ಹಿಡಿದರೆ ಬೇಗ, ಎಲ್ಲವನ್ನೂ ಕೇಳಿದವರಿಗೂ ಹೇಳುತ್ತಿದ್ದ, ಕೇಳದವರಿಗೂ ಹೇಳುತ್ತಿದ್ದ. ಈ ಬೇಸಿಗೆಯಲ್ಲಿ ಅವನ ಬಾಯಿಗೆ ಸಿಕ್ಕಿದ್ದು ಸೊಳ್ಳೆ.

ತಂಗಿ ಇಂಚರ ಬಸುರಿ. ಹೋದ ವರ್ಷ ಒಂದು ಮಗು ಹೊಟ್ಟೆಯಲ್ಲೇ ಹೋಗಿತ್ತು. ಈ ಸಲ ಎಲ್ಲ ಸುಸೂತ್ರವಾಗಲೆಂದು ತನ್ನ ಮನೆಯ ಹಿತ್ತಿಲಲ್ಲಿ ಸತ್ಯನಾರಾಯಣ ಪೂಜೆ ಇಟ್ಟುಕೊಂಡು, ದೂರದ ಹಾಫ್‌ಮನ್ ಎಸ್ಟೇಟ್ಸ್ ಊರಿನಿಂದ ಅವಳನ್ನು ಕರೆಸಿದ್ದ. ಅವಳಿಗೆ ಒಂದು ಸೊಳ್ಳೆಯೂ ಕಚ್ಚಬಾರದೆಂದು ಹಿಂದಿನ ವಾರವೇ ಒಂದು ಕಂಪನಿಯವರಿಂದ ಹಿತ್ತಿಲಿಗೆಲ್ಲ ಮದ್ದು ಹೊಡೆಸಿದ್ದ. ಪ್ರೀತಿ ನಿಜವಾದದ್ದೇ. ಜೊತೆಗೆ ಒಂದಿಷ್ಟು ಜಂಬವೂ ಇತ್ತು.

ಕಥೆ ಮುಗಿದು, ಮಂಗಳಾರತಿಯಾಗಿ, ಭಟ್ಟರು ಇನ್ನೊಂದು ಪೂಜೆಗೆಂದು ಕಾರು ಹತ್ತಿದ್ದರು. ಶ್ರೀಹರಿಯ ಹೆಂಡತಿ ಚೇತನಾ ತೀರ್ಥ ಕೊಡುತ್ತಿದ್ದಳು. ಬಂದವರಲ್ಲಿ ಎಲ್ಲರಿಗಿಂತ ಹಿರಿಯರಾದ ದ್ವಾರಕಾನಾಥರು ಮೊದಲು ತೆಗೆದುಕೊಂಡು, ಕೈಯನ್ನು ತಲೆಗೆ ಸವರಿಕೊಂಡು ಕುರ್ಚಿಯಲ್ಲಿ ಕೂತರು.

"ಏನಯ್ಯಾ ಶ್ರೀಹರಿ, ನಮ್ಮನೇಲಿ ಡೆಕ್ ಮೇಲೆ ಕೂರಕ್ಕಾಗಲ್ಲ. ಇಲ್ಲಿ ಒಂದೂ ಸೊಳ್ಳೆ ಇಲ್ವಲ್ಲ!"

"ಪ್ರೊಫೆಷನಲ್ ಟ್ರೀಟ್‌ಮೆಂಟ್ ಅಂಕಲ್."

"ಎಷ್ಟು ದಿನ ಇರತ್ತಪ್ಪಾ ಅದು? ಮೊನ್ನೆ ಮಳೆ ಬಂತಲ್ಲ, ತೊಳ್ಕೊಂಡು ಹೋಗಿರಲ್ವಾ?"

ಇಂಥ ಪ್ರಶ್ನೆಗೇ ಅವನು ಕಾಯುತ್ತಿದ್ದ. "ಒಂದು ಸಲ ಒಣಗಿದ್ರೆ ಮಳೆಗೆಲ್ಲ ಸುಲಭಕ್ಕೆ ಹೋಗಲ್ಲ ಅಂಕಲ್. ಹಗಲೆಲ್ಲಾ ಸೊಳ್ಳೆ ಎಲೆ ಅಡೀಲೇ ಕೂತಿರತ್ತೆ. ಅದಕ್ಕೇ ಒಂದು ಎಲೇನೂ ಬಿಡದೆ ಹೊಡೀತಾರೆ. ಮೂರು ವಾರ ಗ್ಯಾರಂಟಿ. ಅಲ್ಲೀವರೆಗೂ ಆ ಎಲೆ ಮೇಲೆ ಕೂತ ಸೊಳ್ಳೆ ಸತ್ತಂಗೇ!" ಎನ್ನುತ್ತಾ ಗಿಡಗಳ ಕಡೆಗೆ ಕೈ ಬೀಸಿದ.

ಬೀಸಿದ ಕೈ ತುಳಸಿಯ ಕುಂಡದ ನೇರಕ್ಕೆ ನಿಂತುಬಿಟ್ಟಿತು. ನಿನ್ನೆ ಹುಲುಸಾಗಿದ್ದ ಗಿಡ ಬೋಳಾಗಿತ್ತು. ಎಲೆಯೆಲ್ಲ ಅರ್ಚನೆಗೆ ಹೋಗಿತ್ತು, ತೀರ್ಥಕ್ಕೂ ಬಿದ್ದಿತ್ತು.

ತಿನ್ನುವ ಗಿಡವೇನಾದರೂ ಇದ್ದರೆ ತೆಗೆದಿಡಿ ಎಂದು ಮದ್ದಿನವನು ಸ್ಪಷ್ಟವಾಗಿ ಹೇಳಿದ್ದ. ಶ್ರೀಹರಿ ಕರಿಬೇವು, ದೊಡ್ಡಪತ್ರೆ, ಮೆಣಸಿನ ಗಿಡಗಳನ್ನು ಗ್ಯಾರೇಜಿಗೆ ಸಾಗಿಸಿ, ಇನ್ನೇನಿಲ್ಲ, ಹೊಡಿ ಎಂದಿದ್ದ. ತುಳಸಿ ಅವನ ತಲೆಗೇ ಬರಲಿಲ್ಲ. ತುಳಸಿಯನ್ನು ತಿನ್ನುವ ಗಿಡ ಎಂದು ಯಾರು ತಾನೇ ಎಣಿಸುತ್ತಾರೆ? ಅದು ದೇವರು. ಗಿಡಗಳಿಗೆ ಮದ್ದು ಬಿತ್ತೇ ಎಂದು ಚೇತನಾ ಕೇಳಿದಾಗ ಮಾತ್ರ "ಎಲ್ಲಾ ಒಳಗಿಟ್ಟಿದ್ದೆ ಕಣೇ" ಎಂದಿದ್ದ. ಅವಳು ನಂಬಿದಳು.

ಈಗ ಅವಳು ಇಂಚರಳ ಮುಂದೆ ನಿಂತಿದ್ದಳು. ಇಂಚರ ಸೆರಗು ಸರಿಮಾಡಿಕೊಂಡು ಬಲಗೈ ಚಾಚಿದಳು.

"ತಡಿ" ಎಂದಿದ್ದರೆ ಸಾಕಿತ್ತು. ಆದರೆ ಅಷ್ಟು ಜನರೆದುರು, ಅಷ್ಟು ದೊಡ್ಡ ಮಾತಾಡಿದ ಮೇಲೆ, ಬಾಯಿ ಏಳಲಿಲ್ಲ. ಮಹಾಶಯ ಮಾಡಿದ್ದೇನು? ಎಡವಿದವನಂತೆ ಮುಂದಕ್ಕೆ ನುಗ್ಗಿ ಹೆಂಡತಿಯ ಕೈಗೆ ಮೊಣಕೈ ತಾಗಿಸಿದ. ಬೆಳ್ಳಿ ಬಟ್ಟಲು ಹಾರಿಬಿತ್ತು. ತೀರ್ಥವೆಲ್ಲ ಹುಲ್ಲಿನ ಪಾಲಾಯಿತು.

"ಅಯ್ಯೋ ರಾಮ!" ಎಂದರು ದ್ವಾರಕಾನಾಥರ ಹೆಂಡತಿ ಅಂಬುಜಾ. "ಬಸುರಿ ಕೈಗೆ ಬರೋ ತೀರ್ಥ ಹೀಗಾ ಚೆಲ್ಲೋದು?"

ಪ್ರಸಾದವನ್ನು ಕಡೆಗಣಿಸಿದವರಿಗೆ ಏನೇನಾಯಿತೆಂದು ಎಲ್ಲರೂ ಆಗಷ್ಟೇ ಕಥೆಯಲ್ಲಿ ಕೇಳಿದ್ದರು. ಇಂಚರಳ ಮುಖ ಬಿಳಿಚಿಕೊಂಡಿತು. "ನಂದೇ ತಪ್ಪು, ಕೈ ಜಾರಿಬಿಡ್ತು," ಎಂದಳು ಚೇತನಾ ಅಳುಮುಖ ಮಾಡಿಕೊಂಡು.

ಶ್ರೀಹರಿಗೆ ಬೇಕಾದದ್ದು ಆಗಿತ್ತು. ತಂಗಿಯ ಬಾಯಿಗೆ ಮದ್ದು ಹೋಗಲಿಲ್ಲ, ಅವನ ಮಾನವೂ ಹೋಗಲಿಲ್ಲ. ಸುಮ್ಮನಾದರೂ ಇರಬಹುದಿತ್ತು. ಬಟ್ಟಲನ್ನೆತ್ತಿ ಹೆಂಡತಿಯ ಕೈಗೆ ಕೊಡುತ್ತಾ, "ನೋಡ್ಕೊಂಡು ಕೊಡಬಾರದಾ?" ಎಂದುಬಿಟ್ಟ.

ಇಂಚರ ಎರಡೂ ಕೈಯಲ್ಲಿ ಹೊಟ್ಟೆಯನ್ನು ಹಿಡಿದುಕೊಂಡು ಅವನನ್ನು ನೋಡಿದಳು. "ಅಣ್ಣಾ, ಇದೂ ಹೋಗತ್ತೇನೋ?"

ಆಗ ಬಾಯಿ ಬಿಟ್ಟ. ತುಳಸಿಗೆ ಮದ್ದು ಬಿದ್ದಿದೆ, ತಾನೇ ಬೇಕೆಂದು ಚೆಲ್ಲಿದ್ದು, ಯಾವ ಅಪಶಕುನವೂ ಅಲ್ಲ, ಚೇತನಾಳ ತಪ್ಪೂ ಅಲ್ಲ ಎಂದು ತೊದಲುತ್ತಾ ಹೇಳಿ ಮುಗಿಸಿದ. ಭೂಮಿ ಬಾಯಿಬಿಟ್ಟು ನುಂಗಬಾರದೇ ಎನಿಸಿತು.

ಆಗಲೇ ತೀರ್ಥ ಕುಡಿದವರ ಗತಿಯೇನೆಂದು ಅಂಬುಜಾ ಗಾಬರಿಯಾದರು. ಶ್ರೀಹರಿಯೇ ವಿಷದ ಸಹಾಯವಾಣಿಗೆ ಫೋನ್ ಮಾಡಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿ, ತನ್ನ ಪೆದ್ದುತನವನ್ನು ಇಂಗ್ಲಿಷಿನಲ್ಲಿ ಇನ್ನೊಮ್ಮೆ ಹೇಳಬೇಕಾಯಿತು. ಒಂದು ಗುಟುಕಿಗೆ ಹೆದರಬೇಕಿಲ್ಲ, ಬಾಯಿ ತೊಳೆದು ನೀರು ಕುಡಿಯಿರಿ, ಮೈಗೆ ಸರಿಯಿಲ್ಲವೆನಿಸಿದರೆ ಮತ್ತೆ ಕರೆಯಿರಿ ಎಂದಳು ಆ ಕಡೆಯ ನರ್ಸ್.

"ಬಿಡಯ್ಯಾ," ಎಂದರು ದ್ವಾರಕಾನಾಥರು, "ಇನ್ಮೂರು ವಾರ ನನ್ನ ಹತ್ರಾನೂ ಸೊಳ್ಳೆ ಬರಲ್ಲ." ಎಲ್ಲರೂ ನಕ್ಕರು. ಬೈದಿದ್ದರೇ ವಾಸಿಯಾಗಿತ್ತು ಎನಿಸಿತು ಶ್ರೀಹರಿಗೆ.

ಊಟವಾದ ಮೇಲೆ ಅವನು ತಂಗಿಯ ಪಕ್ಕ ಹೋಗಿ ಕೂತ.

"ನನ್ನ ಬಾಯಿಗೆ ಬೀಳದಂಗೆ ನೋಡ್ಕೊಂಡೆ, ಸರಿ," ಎಂದಳು ಇಂಚರ. "ಆಮೇಲೆ ಅತ್ತಿಗೇನ ಯಾಕೋ ಗದರಿದೆ?"

ಶ್ರೀಹರಿ ಎದ್ದು ಖಾಲಿ ತಟ್ಟೆಗಳನ್ನು ಎತ್ತತೊಡಗಿದ.

ಸಂಜೆ ಬಂದವರೆಲ್ಲ ಹೋದ ಮೇಲೆ ಚೇತನಾ ಎಂದಿನಂತೆ ತುಳಸಿಯ ಮುಂದೆ ದೀಪ ಹಚ್ಚಿದಳು. ಶ್ರೀಹರಿ ಹಿಂದೆ ಬಂದು ನಿಂತ. ಕ್ಷಮಿಸು ಎನ್ನಬೇಕೆಂದೇ ಬಂದಿದ್ದ. ಬಾಯಿಂದ ಬಂದದ್ದು ಬೇರೆ.

"ಮೂರು ವಾರ ಕಳೀಲಿ, ಹೊಸ ಎಲೆ ಬರತ್ತೆ. ಎಲ್ಲಾ ಸರಿಹೋಗತ್ತೆ."

ಚೇತನಾ ತಿರುಗಿ ನೋಡಲಿಲ್ಲ. ದೀಪದ ಬತ್ತಿಯನ್ನು ಸರಿಮಾಡುತ್ತಾ, "ಗಿಡ ಸರಿಹೋಗತ್ತೆ ರೀ," ಎಂದಳು.